ಕ್ರಿಸ್ಟಲ್‌ಡಿಸ್ಕ್‌ಇನ್ಫೊ: ಫಾರ್ಮ್ಯಾಟ್‌ಗೆ ಮುಂಚೆ ಡಿಸ್ಕ್‌ನ ನಾಡಿ ನೋಡುವ ಸಾಧನ

ಕಂಪ್ಯೂಟರ್ ಆನ್ ಆಗಲು ಹತ್ತು ನಿಮಿಷ. ಫೋಲ್ಡರ್ ತೆರೆದರೆ ಮೇಲಿನ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಡಿಸ್ಕ್ 100 ಪರ್ಸೆಂಟ್. ಅಂಗಡಿಗೆ ಒಯ್ದರೆ ಬಹಳ ಕಡೆ ಮೊದಲು ಕೇಳಿಬರುವ ಮಾತು, "ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಕೊಡ್ತೀವಿ" ಎಂಬುದು. ಹಾಕಿಸಿಕೊಂಡು ಬಂದ ಮೇಲೆ ಹದಿನೈದು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಪಾಡು. ಕಾರಣ ಸರಳ: ಸಾಯುತ್ತಿದ್ದದ್ದು ಡಿಸ್ಕ್, ಬದಲಾಯಿಸಿದ್ದು ವಿಂಡೋಸ್. ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಉಸಿರು ಬಿಗಿಹಿಡಿದು ಓಡುತ್ತಿದ್ದ ಡಿಸ್ಕ್ ಆ ಫಾರ್ಮ್ಯಾಟ್‌ನ ನಡುವೆಯೇ ಕೈಕೊಡುತ್ತದೆ, ಮಕ್ಕಳ ಫೋಟೋ, ಅಂಗಡಿಯ ಟ್ಯಾಲಿ ಲೆಕ್ಕ, ಎಲ್ಲ ಅದರ ಜೊತೆಗೇ ಹೋಗುತ್ತದೆ.

ಇದನ್ನು ತಪ್ಪಿಸಲು ಎರಡು ನಿಮಿಷ ಸಾಕು, ಕಾಸು ಬೇಡ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಣ್ಣ ವಿಂಡೋಸ್ ತಂತ್ರಾಂಶ ಮಾಡುವ ಕೆಲಸ ಅಷ್ಟೇ. ಜಪಾನಿನ ಡೆವಲಪರ್ ಒಬ್ಬರು ಹಿಯೊಹಿಯೊ ಎಂಬ ಹೆಸರಿನಲ್ಲಿ 2008ರಿಂದ ಇದನ್ನು ಕೊಡುತ್ತ ಬಂದಿದ್ದಾರೆ. ಎಂಐಟಿ ಲೈಸೆನ್ಸ್‌ನ ಮುಕ್ತ ತಂತ್ರಾಂಶ, ಮನೆಗೂ ಉಚಿತ, ಕಚೇರಿಗೂ ಉಚಿತ. ಕಂಪ್ಯೂಟರ್ ರಿಪೇರಿ ಮಾಡುವ ಪ್ರತಿಯೊಬ್ಬರ ಪೆನ್‌ಡ್ರೈವ್‌ನಲ್ಲೂ ಇದು ಇರಬೇಕು. ಆದರೆ ಇದರ ಬಣ್ಣ ನೋಡಿ ತೀರ್ಮಾನ ಮಾಡುವವರು ಮೋಸಹೋಗುತ್ತಾರೆ, ಅಂಕಿ ಓದಲು ಕಲಿತವರಿಗೆ ಮಾತ್ರ ಇದು ಪೂರ್ತಿ ದಕ್ಕುತ್ತದೆ. ಅದಕ್ಕಾಗಿ ಈ ವಿಮರ್ಶೆಯ ಹೆಚ್ಚಿನ ಭಾಗ ಆ ಅಂಕಿಗಳಿಗೇ ಮೀಸಲು.

ಮೊದಲು ಡೌನ್‌ಲೋಡ್ ವಿಷಯ. ಕ್ರಿಸ್ಟಲ್ ಡ್ಯೂ ವರ್ಲ್ಡ್ ಎಂಬ ಅವರದೇ ತಾಣದಿಂದ ತೆಗೆದುಕೊಳ್ಳಿ. ಇನ್‌ಸ್ಟಾಲರ್ ಬೇಡ, ಜಿಪ್ ಆವೃತ್ತಿ ಸಾಕು: ಬಿಚ್ಚಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಯಾವ ಕಂಪ್ಯೂಟರ್‌ನಲ್ಲಾದರೂ ನೇರ ಓಡುತ್ತದೆ. ತೊಂದರೆಯಲ್ಲಿರುವ ಡಿಸ್ಕ್‌ಗೆ ಹೊಸದಾಗಿ ಏನನ್ನೂ ಬರೆಯಬಾರದು ಎಂಬ ನಿಯಮಕ್ಕೂ ಇದೇ ಸರಿ. ಪುಟದಲ್ಲಿ ಜಾಹೀರಾತುಗಳಿರುತ್ತವೆ, ದೊಡ್ಡದಾಗಿ ಹೊಳೆಯುವ ಡೌನ್‌ಲೋಡ್ ಗುಂಡಿಗಳೆಲ್ಲ ಇದರದ್ದೇ ಎಂದುಕೊಳ್ಳಬೇಡಿ. ಶಿಝುಕು, ಕುರೇಯಿ ಕೇಯಿ ಎಂಬ ಹೆಸರಿನ ಆವೃತ್ತಿಗಳಲ್ಲಿ ಕಾರ್ಟೂನ್ ಹುಡುಗಿಯರ ಚಿತ್ರವಿರುತ್ತದೆ. ಕೆಲಸ ಒಂದೇ, ಗಾತ್ರ ಮಾತ್ರ ದೊಡ್ಡದು, ಹಾಗಾಗಿ ಸ್ಟ್ಯಾಂಡರ್ಡ್ ತೆಗೆದುಕೊಳ್ಳಿ. ತೆರೆಯುವಾಗ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುತ್ತದೆ, ಡಿಸ್ಕ್‌ನ ಕಂಟ್ರೋಲರ್ ಜೊತೆ ನೇರವಾಗಿ ಮಾತಾಡಲು ಅದು ಬೇಕೇ ಬೇಕು.

ತೆರೆದ ಕೂಡಲೇ ಎಡಗಡೆ ದೊಡ್ಡದಾಗಿ ಆರೋಗ್ಯದ ಗುಂಡಿ, ಅದರ ಕೆಳಗೆ ಉಷ್ಣತೆ. ನೀಲಿಯಾದರೆ ಗುಡ್, ಹಳದಿಯಾದರೆ ಕಾಷನ್, ಕೆಂಪಾದರೆ ಬ್ಯಾಡ್, ಬೂದು ಬಣ್ಣವಾದರೆ ತಿಳಿಯದು. ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದರೆ ಮೇಲ್ಗಡೆ ಸಾಲಾಗಿ ಕಾಣುತ್ತವೆ. ನಡುವೆ ಮಾಡೆಲ್ ಹೆಸರು, ಫರ್ಮ್‌ವೇರ್ (ಡಿಸ್ಕ್ ಒಳಗೇ ಇರುವ ಅದರ ಸ್ವಂತ ತಂತ್ರಾಂಶ), ಸೀರಿಯಲ್ ನಂಬರ್, ಎಷ್ಟು ಸಲ ಆನ್ ಆಗಿದೆ, ಎಷ್ಟು ಗಂಟೆ ಓಡಿದೆ ಎಂಬ ವಿವರ. ಕೆಳಗಿನ ಪಟ್ಟಿಯೇ ಅಸಲು ಸರಕು. ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಂಡ ದಿನಚರಿ ಅದು, ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ.

ಪ್ರತಿ ಸಾಲಿನಲ್ಲೂ ಒಂದು ಐಡಿ, ಹೆಸರು, ಆಮೇಲೆ ಕರೆಂಟ್, ವರ್ಸ್ಟ್, ಥ್ರೆಶ್‌ಹೋಲ್ಡ್ ಎಂಬ ಮೂರು ಅಂಕಗಳು, ಕೊನೆಯಲ್ಲಿ ರಾ ವ್ಯಾಲ್ಯೂ, ಅಂದರೆ ಡಿಸ್ಕ್ ಎಣಿಸಿಟ್ಟ ಅಸಲು ಸಂಖ್ಯೆ. ಮೊದಲ ಮೂರು ತಯಾರಕರು ಕೊಟ್ಟುಕೊಂಡ ಮಾರ್ಕ್ಸ್ ಇದ್ದ ಹಾಗೆ. 100ರಿಂದಲೋ 200ರಿಂದಲೋ ಶುರುವಾಗಿ ಇಳಿಯುತ್ತ ಬರುತ್ತವೆ, ಥ್ರೆಶ್‌ಹೋಲ್ಡ್ ಮುಟ್ಟಿದರೆ ಫೇಲ್. ಆದರೆ ಫೇಲ್ ಆಗುವ ಗಡಿಯನ್ನು ತಯಾರಕರು ಎಷ್ಟು ಕೆಳಗೆ ಇಟ್ಟಿರುತ್ತಾರೆಂದರೆ, ಅಲ್ಲಿಗೆ ಬರುವ ಹೊತ್ತಿಗೆ ಡಿಸ್ಕ್‌ನಿಂದ ಫೈಲ್ ತೆಗೆಯುವುದೇ ಕಷ್ಟವಾಗಿರುತ್ತದೆ. ವೆಸ್ಟರ್ನ್ ಡಿಜಿಟಲ್‌ನ ಹಲವು ಡಿಸ್ಕ್‌ಗಳಲ್ಲಿ 05 ಎಂಬ ಐಡಿಯ ಸಾಲು 200ರಿಂದ ಶುರುವಾಗಿ 140ಕ್ಕೆ ಇಳಿದರೆ ಮಾತ್ರ ಫೇಲ್. ವಿಂಡೋಸ್ ತಾನಾಗಿ ಕೊಡುವ "ಡಿಸ್ಕ್ ಹಾಳಾಗಬಹುದು" ಎಂಬ ಎಚ್ಚರಿಕೆ ಇದೇ ಗಡಿಗೆ ಕಾಯುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಮೆಚ್ಚಬೇಕಾದ್ದು ಇಲ್ಲೇ. ಅದು ಆ ಗಡಿಗೆ ಕಾಯುವುದಿಲ್ಲ. ಹಾಳಾದ ಜಾಗಗಳನ್ನು ಎಣಿಸುವ 05, ಸಿ5 (C5), ಸಿ6 (C6) ಈ ಮೂರು ಸಾಲುಗಳ ರಾ ವ್ಯಾಲ್ಯೂನಲ್ಲಿ ಒಂದೇ ಒಂದು ಸೆಕ್ಟರ್, ಅಂದರೆ ಡಿಸ್ಕ್‌ನ ಒಂದು ಸಣ್ಣ ತುಂಡು, ಕಂಡರೂ ಹಳದಿ ತೋರಿಸುತ್ತದೆ.

ರಾ ವ್ಯಾಲ್ಯೂ ಓದುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಮೊದಲ ಸಲ ತೆರೆದಾಗ ಅದು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ, 12 ಅಂಕಿಗಳಲ್ಲಿ ಇರುತ್ತದೆ. 05ರ ಮುಂದೆ 000000000018 ಎಂದಿದ್ದರೆ ಹಾಳಾದ ಸೆಕ್ಟರ್ 18 ಅಲ್ಲ, 24. 000000000010 ಎಂದರೆ 10 ಅಲ್ಲ, 16. ಫಂಕ್ಷನ್ ಮೆನು, ಅದರೊಳಗೆ ಅಡ್ವಾನ್ಸ್ಡ್ ಫೀಚರ್, ಅದರೊಳಗೆ ರಾ ವ್ಯಾಲ್ಯೂಸ್, ಅಲ್ಲಿ 10 ಡೆಸಿಮಲ್ ಆರಿಸಿದರೆ ನಮ್ಮ ಎಂದಿನ ಸಂಖ್ಯೆಗಳು ಬರುತ್ತವೆ. ಹೊಸಬರಿಗೆ ಇದೇ ಮೊದಲಿನಿಂದ ಇರಬೇಕಿತ್ತು.

ಆದರೆ ಹೆಕ್ಸ್ ಪೂರ್ತಿ ನಿರುಪಯುಕ್ತ ಎನ್ನುವಂತಿಲ್ಲ. ಸೀಗೇಟ್ ಡಿಸ್ಕ್‌ನಲ್ಲಿ 01, 07 ಸಾಲುಗಳ (ಓದುವಾಗಿನ, ತಲೆ ಸರಿಯುವಾಗಿನ ದೋಷಗಳು) ಮುಂದೆ ಡೆಸಿಮಲ್‌ನಲ್ಲಿ ಕೋಟಿಗಟ್ಟಲೆ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳುವವರು ಬಹಳ. ಅದು ದೋಷದ ಲೆಕ್ಕವಲ್ಲ. 12 ಹೆಕ್ಸ್ ಅಂಕಿಗಳಲ್ಲಿ ಎಡಗಡೆಯ ನಾಲ್ಕು ಮಾತ್ರ ದೋಷ, ಬಲಗಡೆಯ ಎಂಟು ಒಟ್ಟು ಎಷ್ಟು ಸಲ ಕೆಲಸ ಮಾಡಿತು ಎಂಬ ಲೆಕ್ಕ. ಎಡಗಡೆ 0000 ಇದ್ದರೆ ನಿಶ್ಚಿಂತೆ. ಅದೇ ರೀತಿ BC ಎಂಬ ಸಾಲು, ಅಂದರೆ ಕಮಾಂಡ್ ಟೈಮ್‌ಔಟ್. ಡೆಸಿಮಲ್‌ನಲ್ಲಿ ನೋಡಿದರೆ 4295032833, ನಾನೂರಿಪ್ಪತ್ತೊಂಬತ್ತು ಕೋಟಿ ಚಿಲ್ಲರೆ. ಹೆಕ್ಸ್‌ಗೆ ತಿರುಗಿಸಿ ನೋಡಿ: 0001 0001 0001. ಮೂರು ಬೇರೆ ಬೇರೆ ಎಣಿಕೆಗಳನ್ನು ಪಕ್ಕಪಕ್ಕ ಇಟ್ಟಿದ್ದಾರೆ, ಮೂರರಲ್ಲೂ ಒಂದೊಂದು. ಒಂದು ಸಲ ಉತ್ತರ ತಡವಾಯಿತು, ಅಷ್ಟೇ. ಈ ಒಂದು ಸಂಖ್ಯೆಗೆ ಹೆದರಿ ಒಳ್ಳೆಯ ಡಿಸ್ಕ್ ಎಸೆದವರಿದ್ದಾರೆ. ಹಾಗಾಗಿ ದಿನನಿತ್ಯಕ್ಕೆ ಡೆಸಿಮಲ್, ಸೀಗೇಟ್‌ನಲ್ಲಿ ಅನುಮಾನ ಬಂದಾಗ ಹೆಕ್ಸ್.

ಇನ್ನು ನಿಜವಾಗಿ ನೋಡಬೇಕಾದ ಸಾಲುಗಳು. 05 ಎಂದರೆ ಹಾಳಾಗಿ, ಬದಲಿ ಜಾಗಕ್ಕೆ ಸ್ಥಳಾಂತರವಾದ ಸೆಕ್ಟರ್‌ಗಳು. ಇದು ಮುಗಿದ ಕತೆ, ಗಾಯ ಒಣಗಿದ ಗುರುತು. ಸಿ5 ಎಂದರೆ ಓದಲು ಆಗುತ್ತಿಲ್ಲ, ಆದರೆ ಇನ್ನೂ ತೀರ್ಮಾನವಾಗಿಲ್ಲ ಎಂದು ಕಾಯುತ್ತಿರುವ ಸೆಕ್ಟರ್‌ಗಳು. ಇದು ಹಸಿ ಗಾಯ. ಕಂಪ್ಯೂಟರ್ ನಿಂತು ನಿಂತು ಓಡುವುದಕ್ಕೆ ನೇರ ಕಾರಣ ಸಾಮಾನ್ಯವಾಗಿ ಈ ಸಿ5ನಲ್ಲಿ ಇರುತ್ತದೆ, ಏಕೆಂದರೆ ಅಂಥ ಪ್ರತಿ ಸೆಕ್ಟರ್ ಎದುರಾದಾಗಲೂ ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗುತ್ತದೆ, ಅಷ್ಟು ಹೊತ್ತು ವಿಂಡೋಸ್ ಬಾಯಿ ಮುಚ್ಚಿ ಕಾಯುತ್ತದೆ. ಸಿ6 ಎಂದರೆ ಸರಿಪಡಿಸಲಾಗದೇ ಉಳಿದವು. ಈಚಿನ ಡಿಸ್ಕ್‌ಗಳಲ್ಲಿ ಸಿ5 ಎಂಟರ ಗುಣಕಗಳಲ್ಲಿ, 8, 16, 24 ಎಂದು ಏರುವುದು ಹೆಚ್ಚು. ಒಳಗಿನ ಭೌತಿಕ ಸೆಕ್ಟರ್ 4096 ಬೈಟ್, ಲೆಕ್ಕಕ್ಕೆ ತೋರಿಸುವುದು 512 ಬೈಟಿನದ್ದು, ಒಂದು ಹೋದರೆ ಎಂಟು ಎಣಿಕೆ. ಅಂದರೆ ಸಿ5 ಮುಂದೆ 8 ಇದ್ದರೆ ಹೋಗಿರುವುದು ಒಂದೇ ಜಾಗ.

ಸಿ5 ತಾನಾಗಿ ಇಳಿಯುವುದೂ ಉಂಟು, ಇದನ್ನು ನೋಡಿ ಡಿಸ್ಕ್ ಸರಿಹೋಯಿತು ಎಂದು ಹಿಗ್ಗುವ ಮುಂಚೆ 05 ನೋಡಿ. ಆ ಜಾಗಕ್ಕೆ ಹೊಸದಾಗಿ ಏನಾದರೂ ಬರೆದಾಗ ಬರಹ ನಿಂತರೆ ಸಿ5 ಇಳಿಯುತ್ತದೆ, 05 ಇದ್ದಲ್ಲೇ ಇರುತ್ತದೆ. ಬರೆಯುವಾಗ ಕರೆಂಟು ಹೋಗಿ ಅರ್ಧಂಬರ್ಧ ಉಳಿದ ಸೆಕ್ಟರ್ ಹೀಗೆ ಗುಣವಾಗುತ್ತದೆ. ಯುಪಿಎಸ್ ಇಲ್ಲದ ಊರುಗಳಲ್ಲಿ ಇದು ಅಪರೂಪವಲ್ಲ. ಬರಹ ನಿಲ್ಲದಿದ್ದರೆ ಸಿ5 ಇಳಿದು 05 ಏರುತ್ತದೆ. ಗಾಯ ನಿಜವಾದದ್ದು ಎಂದರ್ಥ. ಹಾಗಾಗಿ ಒಂದು ದಿನದ ಅಂಕಿಗಿಂತ ವಾರದ ಏರಿಳಿತ ಮುಖ್ಯ. 05 ಮುಂದೆ 8 ಬಂದು ಎರಡು ವರ್ಷದಿಂದ ಅಲ್ಲೇ ನಿಂತ ಡಿಸ್ಕ್, ಬ್ಯಾಕಪ್ ಇದ್ದರೆ ಇನ್ನಷ್ಟು ದಿನ ದುಡಿಯಬಹುದು. ಸೋಮವಾರ 8, ಬುಧವಾರ 40, ಶನಿವಾರ 312 ಎಂದು ಓಡುತ್ತಿರುವ ಡಿಸ್ಕ್‌ಗೆ ಒಂದು ದಿನವೂ ಕೊಡಬೇಡಿ. ಈ ಇತಿಹಾಸವನ್ನು ತಂತ್ರಾಂಶವೇ ತನ್ನ ಫೋಲ್ಡರ್‌ನೊಳಗೆ ಉಳಿಸಿಕೊಂಡು ಫಂಕ್ಷನ್ ಮೆನುವಿನ ಗ್ರಾಫ್‌ನಲ್ಲಿ ಗೆರೆಯಾಗಿ ತೋರಿಸುತ್ತದೆ. ಪೆನ್‌ಡ್ರೈವ್‌ನಿಂದ ಓಡಿಸುವವರು ಪ್ರತಿ ಸಲ ಅದೇ ಪ್ರತಿಯನ್ನು ಬಳಸಿದರೆ ಇತಿಹಾಸ ಕಳೆದುಹೋಗುವುದಿಲ್ಲ.

ಎಲ್ಲರೂ ಅನ್ಯಾಯವಾಗಿ ಕಡೆಗಣಿಸುವ ಸಾಲು ಸಿ7. ಇದು ಡಿಸ್ಕ್‌ನ ತಟ್ಟೆಗೆ ಸಂಬಂಧಿಸಿದ್ದಲ್ಲ, ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ. ಒಂದು ಸಾಧಾರಣ ಸಾಟಾ ಕೇಬಲ್ ಸಡಿಲವಾದರೆ ಡಿಸ್ಕ್ ಸಾಯುತ್ತಿರುವಂತೆಯೇ ಕಂಪ್ಯೂಟರ್ ವರ್ತಿಸುತ್ತದೆ: ಹ್ಯಾಂಗ್ ಆಗುತ್ತದೆ, ಫೈಲ್ ಕಾಪಿ ಅರ್ಧಕ್ಕೆ ನಿಲ್ಲುತ್ತದೆ, ನೀಲಿ ಪರದೆ ಬರುತ್ತದೆ. ಇಷ್ಟಾದರೂ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಆರಾಮಾಗಿ ನೀಲಿ ಬಣ್ಣ ತೋರಿಸುತ್ತಿರುತ್ತದೆ, ಏಕೆಂದರೆ ಸಿ7 ಅದರ ಬಣ್ಣದ ಲೆಕ್ಕದಲ್ಲಿ ಇಲ್ಲ. ಸಿ7 ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕೇಬಲ್ ಬದಲಿಸಿ, ಮದರ್‌ಬೋರ್ಡ್‌ನ ಬೇರೆ ಸಾಟಾ ಪೋರ್ಟ್‌ಗೆ ಹಾಕಿ, ಪವರ್ ಕನೆಕ್ಟರ್ ಬಿಗಿ ಇದೆಯೇ ನೋಡಿ. ಆ ಸಂಖ್ಯೆ ಎಂದೂ ಇಳಿಯುವುದಿಲ್ಲ, ಇಳಿಯಲಿ ಎಂದು ಕಾಯಬೇಡಿ. ಎರಡು ದಿನ ಕೆಲಸ ಮಾಡಿದ ಮೇಲೂ ಅಲ್ಲೇ ನಿಂತಿದ್ದರೆ ರೋಗ ಹಿಡಿದದ್ದು ಕೇಬಲ್‌ಗೆ, ಡಿಸ್ಕ್‌ಗೆ ಅಲ್ಲ. ಸಾವಿರಾರು ರೂಪಾಯಿಯ ಡಿಸ್ಕ್ ಬದಲಿಸುವ ಮುಂಚೆ ಈ ಸಾಲು ನೋಡದಿರುವುದು ಗ್ರಾಹಕರಿಗೆ ಮಾಡುವ ಅನ್ಯಾಯ.

ಇವೆಲ್ಲ ಸೊನ್ನೆಯೇ ಇದ್ದು ಕಂಪ್ಯೂಟರ್ ಮಾತ್ರ ನಿಧಾನ ಎಂದರೆ? ಆಗಲೂ ಈ ಪರದೆ ಉಪಯೋಗಕ್ಕೆ ಬಂತೆಂದೇ ಲೆಕ್ಕ, ಹುಡುಕುವ ದಿಕ್ಕು ಬದಲಾಯಿತು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಆರಿಸಿ, ಸರಾಸರಿ ರೆಸ್ಪಾನ್ಸ್ ಟೈಮ್ ನೋಡಿ. ವೇಗ ಸೆಕೆಂಡಿಗೆ ಒಂದು ಎಂಬಿಯೂ ಇಲ್ಲದೆ ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಇದ್ದರೆ ಡಿಸ್ಕ್ ಅಥವಾ ಕೇಬಲ್ ಮೇಲೆ ಅನುಮಾನ ಬಿಡಬೇಡಿ. ವೇಗ ಚೆನ್ನಾಗಿದ್ದು ಡಿಸ್ಕ್ 100 ಪರ್ಸೆಂಟ್ ಇದ್ದರೆ ಅಪ್‌ಡೇಟ್, ಡಿಫೆಂಡರ್ ಸ್ಕ್ಯಾನ್, ಸರ್ಚ್ ಇಂಡೆಕ್ಸಿಂಗ್ ಇವುಗಳ ಕೆಲಸ. ವಿಂಡೋಸ್ 10, 11 ಎರಡೂ ತಿರುಗುವ ಹಾರ್ಡ್‌ಡಿಸ್ಕ್ ಮೇಲೆ ಏದುಸಿರು ಬಿಡುತ್ತಲೇ ಓಡುತ್ತವೆ. ಅದಕ್ಕೆ ಮದ್ದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ನ ಡಿಸ್ಕ್) ಹಾಕುವುದು, ಫಾರ್ಮ್ಯಾಟ್ ಅಲ್ಲ. ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ ಕೂಡ ಸಾಕ್ಷಿ ಹೇಳುತ್ತದೆ: ಡಿಸ್ಕ್ ಎಂಬ ಮೂಲದಿಂದ ಬಂದ ಈವೆಂಟ್ 7 ಎಂದರೆ ಹಾಳಾದ ಜಾಗ ಸಿಕ್ಕಿತು, 153 ಎಂದರೆ ಓದು ಬರಹವನ್ನು ಮತ್ತೆ ಪ್ರಯತ್ನಿಸಬೇಕಾಯಿತು, ಸ್ಟೋರ್‌ಎಎಚ್‌ಸಿಐನಂಥ ಡ್ರೈವರ್ ಮೂಲದಿಂದ ಬಂದ 129 ಎಂದರೆ ಡಿಸ್ಕ್ ಉತ್ತರ ಕೊಡದೆ ರೀಸೆಟ್ ಮಾಡಬೇಕಾಯಿತು. 129 ಇದ್ದು ಸಿ5 ಸೊನ್ನೆ ಇದ್ದರೆ ಕೇಬಲ್, ಪವರ್ ಸಪ್ಲೈ, ಡ್ರೈವರ್, ಫರ್ಮ್‌ವೇರ್ ಕಡೆ ತಿರುಗಿ.

ಹಳದಿ ಬಂದಿದೆ, ಸಿ5 ಏರುತ್ತಿದೆ ಎನ್ನಿ. ಈಗ ಮಾಡಬಾರದ್ದೇ ಹೆಚ್ಚು. ವಿಂಡೋಸ್‌ನ ಡಿಸ್ಕ್ ದುರಸ್ತಿ ಸಾಧನ ಚೆಕ್‌ಡಿಸ್ಕ್ ಓಡಿಸಬೇಡಿ. ಅದರಲ್ಲೂ ಸ್ಲಾಶ್ ಆರ್ ಆಯ್ಕೆಯೊಂದಿಗೆ ಓಡಿಸಿದರೆ ಅದು ಡಿಸ್ಕ್‌ನ ಮೂಲೆಮೂಲೆಯನ್ನೂ ಓದುತ್ತದೆ, ಕುಂಟುತ್ತಿರುವ ಡಿಸ್ಕ್‌ಗೆ ಗಂಟೆಗಟ್ಟಲೆ ಓಟ ಕಟ್ಟಿದ ಹಾಗೆ. ಮೇಲಾಗಿ ಅದು ಫೈಲ್ ವ್ಯವಸ್ಥೆಯ ಹೊಂದಾಣಿಕೆಗೆ ಬೆಲೆ ಕೊಡುತ್ತದೆಯೇ ಹೊರತು ನಿಮ್ಮ ಫೈಲಿಗಲ್ಲ. ಹೆಸರು ಕಳೆದುಕೊಂಡ ತುಣುಕುಗಳು ಫೌಂಡ್ ಫೋಲ್ಡರ್‌ನಲ್ಲಿ ಬಿದ್ದಿರುವುದನ್ನು ನೋಡಿದವರಿಗೆ ಇದು ಗೊತ್ತು. ಡಿಫ್ರಾಗ್ ಬೇಡ, ಆಂಟಿವೈರಸ್ ಪೂರ್ತಿ ಸ್ಕ್ಯಾನ್ ಬೇಡ.

ಮೊದಲು ಹೊರಗಿನ ಡಿಸ್ಕ್ ಹಾಕಿ ಅತಿ ಮುಖ್ಯವಾದ, ಅತಿ ಚಿಕ್ಕದಾದ ಫೈಲ್‌ಗಳಿಂದ ಶುರು ಮಾಡಿ. ಟ್ಯಾಲಿ ಡೇಟಾ ಫೋಲ್ಡರ್, ದಾಖಲೆಗಳ ಸ್ಕ್ಯಾನ್, ನುಡಿಯಲ್ಲಿ ಟೈಪ್ ಮಾಡಿದ ಕಡತಗಳು, ಆಮೇಲೆ ಫೋಟೋ, ಕೊನೆಗೆ ವಿಡಿಯೊ. ಇಡೀ ಡಿ ಡ್ರೈವ್ ಹಿಡಿದು ಎಳೆದರೆ ಎಕ್ಸ್‌ಪ್ಲೋರರ್ ಮೊದಲ ಕೆಟ್ಟ ಫೈಲ್‌ಗೇ ಸಿಕ್ಕಿಹಾಕಿಕೊಳ್ಳುತ್ತದೆ. ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಇದಕ್ಕಿಂತ ಮೇಲು, ಆದರೆ ಅದರ ಮೂಲ ಹೊಂದಿಕೆ ಗೊತ್ತಿರಲಿ: ಕೆಟ್ಟ ಫೈಲ್ ಸಿಕ್ಕರೆ 10 ಲಕ್ಷ ಸಲ ಪ್ರಯತ್ನ, ಪ್ರತಿ ಪ್ರಯತ್ನದ ನಡುವೆ 30 ಸೆಕೆಂಡ್ ಕಾಯುವಿಕೆ! ಆರ್ ಆಯ್ಕೆಗೆ 0, ಡಬ್ಲ್ಯೂ ಆಯ್ಕೆಗೆ 1 ಕೊಟ್ಟರೆ ಕೆಟ್ಟದ್ದನ್ನು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟದ್ದನ್ನು ಕೊನೆಯಲ್ಲಿ ಲೆಕ್ಕ ಹೇಳುತ್ತದೆ.

ಹಾಳಾದ ಜಾಗ ಬಹಳವಿದ್ದರೆ ಫೈಲ್ ಫೈಲ್ ಎಂದು ಎಳೆಯುವ ಬದಲು ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಗ್ನೂ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕ್‌ನ ನಕಲು ತೆಗೆಯುವುದು ಸರಿ. ಅದು ಸುಲಭವಾಗಿ ಸಿಗುವ ಭಾಗವನ್ನೆಲ್ಲ ಮೊದಲು ತೆಗೆದುಕೊಂಡು ಕಷ್ಟದ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ನಕಲಾಯಿತು ಎಂದು ಬರೆದಿಡುವ ಮ್ಯಾಪ್‌ಫೈಲ್‌ನ ಹೆಸರು ಕೊಡುವುದನ್ನು ಮರೆಯಬೇಡಿ, ಅದಿಲ್ಲದೆ ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ಮೊದಲ ಸುತ್ತು ಎನ್ ಆಯ್ಕೆಯೊಂದಿಗೆ, ಅಂದರೆ ಕೆಟ್ಟ ಜಾಗವನ್ನು ಸೆಕ್ಟರ್ ಸೆಕ್ಟರ್ ಆಗಿ ಕೆರೆದು ಓದುವ ಹಂತ ಬಿಟ್ಟು. ಎರಡನೇ ಸುತ್ತಿನಲ್ಲಿ ಆರ್3 ಕೊಟ್ಟು ಮೂರು ಸಲ ಮರುಪ್ರಯತ್ನ. ನಕಲು ಹೋಗುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಯಾವುದು ಮೂಲ, ಯಾವುದು ಗುರಿ ಎಂದು ಸೀರಿಯಲ್ ನಂಬರ್ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ, ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಡೇಟಾದ ಮೇಲೆ ಕೂರುತ್ತದೆ. ಲ್ಯಾಪ್‌ಟಾಪ್ ಆದರೆ ಡಿಸ್ಕ್ ಬಿಚ್ಚುವ ಮುಂಚೆ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಕೈಯಲ್ಲಿರಲಿ. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಸಜ್ಜುಮಾಡಿದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ತಿಳಿಯದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ಇನ್ನು ಡಿಸ್ಕ್ ಟಕ್ ಟಕ್ ಎಂದು ಬಡಿಯುತ್ತಿದ್ದರೆ ಮೇಲಿನ ಯಾವುದೂ ಬೇಡ. ತಕ್ಷಣ ಆಫ್ ಮಾಡಿ. ಡೇಟಾ ಬೇಕೇ ಬೇಕಿದ್ದರೆ ಅದು ರಿಕವರಿ ಲ್ಯಾಬ್ ಕೆಲಸ.

ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಪಟ್ಟಿಯೇ ಬೇರೆ. ಇಲ್ಲಿ ಆರೋಗ್ಯದ ಗುಂಡಿಯಲ್ಲಿ ಗುಡ್ ಜೊತೆಗೆ ಶೇಕಡಾವಾರು ಬರುತ್ತದೆ, 94 ಪರ್ಸೆಂಟ್ ಎಂಬಂತೆ. ಅದು ಪರ್ಸೆಂಟೇಜ್ ಯೂಸ್ಡ್ ಎಂಬ ಸಾಲನ್ನು 100ರಿಂದ ಕಳೆದದ್ದು, ಬರಹದ ಸವೆತದ ಲೆಕ್ಕ ಮಾತ್ರ. ಈ ಸವೆತಕ್ಕೆ ಮನೆ ಬಳಕೆಯವರು ಹೆದರಬೇಕಾದ್ದಿಲ್ಲ. 500 ಜಿಬಿಯ ಎಸ್‌ಎಸ್‌ಡಿಗೆ ತಯಾರಕರು 300 ಟಿಬಿ ಬರಹ ಎಂದು ಖಾತರಿ ಕೊಟ್ಟಿದ್ದಾರೆ ಎನ್ನಿ. ದಿನಕ್ಕೆ 20 ಜಿಬಿ ಬರೆದರೆ ವರ್ಷಕ್ಕೆ ಸುಮಾರು 7.3 ಟಿಬಿ, 40 ವರ್ಷ ಬೇಕು. ಬಲಗಡೆ ಮೇಲೆ ಟೋಟಲ್ ಹೋಸ್ಟ್ ರೈಟ್ಸ್ ಎಂದು ಈವರೆಗಿನ ಬರಹ ಇರುತ್ತದೆ, ನಿಮ್ಮ ಮಾಡೆಲ್‌ನ ಖಾತರಿಯೊಂದಿಗೆ ಹೋಲಿಸಿಕೊಳ್ಳಿ. ನಿಜವಾಗಿ ನೋಡಬೇಕಾದ್ದು ಎರಡು ಸಾಲು: ಮೀಡಿಯಾ ಆಂಡ್ ಡೇಟಾ ಇಂಟೆಗ್ರಿಟಿ ಎರರ್ಸ್ ಸೊನ್ನೆ ಬಿಟ್ಟು ಏನೇ ಇದ್ದರೂ ಬ್ಯಾಕಪ್ ತೆಗೆಯಿರಿ. ಅವೈಲೆಬಲ್ ಸ್ಪೇರ್ 100ರಿಂದ ಇಳಿಯುತ್ತಿದ್ದರೆ ಬದಲಿ ಜಾಗ ಖರ್ಚಾಗುತ್ತಿದೆ. ಎರರ್ ಲಾಗ್ ಎಂಟ್ರೀಸ್ ಸಂಖ್ಯೆ ಸಾವಿರ ದಾಟಿದ್ದರೂ ಅದೊಂದರಿಂದಲೇ ಭಯಪಡಬೇಡಿ, ಎಸ್‌ಎಸ್‌ಡಿಗೆ ಗೊತ್ತಿಲ್ಲದ ಪ್ರಶ್ನೆಯನ್ನು ಯಾವುದೋ ತಂತ್ರಾಂಶ ಕೇಳಿದಾಗಲೂ ಅದು ಏರುತ್ತದೆ. ಅನ್‌ಸೇಫ್ ಶಟ್‌ಡೌನ್ಸ್ ಪವರ್ ಬಟನ್ ಒತ್ತಿಹಿಡಿದಾಗ, ಕರೆಂಟು ಹೋದಾಗ ಏರುವುದು, ರೋಗವಲ್ಲ.

ಫರ್ಮ್‌ವೇರ್ ಸಂಖ್ಯೆ ಪರದೆಯ ಮೇಲೆಯೇ ಇರುವುದು ಸಣ್ಣ ಅನುಕೂಲವಲ್ಲ. 2023ರ ಆರಂಭದಲ್ಲಿ ಸ್ಯಾಮ್‌ಸಂಗ್ 990 ಪ್ರೊ ಕೊಂಡವರಿಗೆ ಕೆಲವೇ ತಿಂಗಳಲ್ಲಿ ಆರೋಗ್ಯದ ಶೇಕಡಾವಾರು ಮಿತಿಮೀರಿ ಇಳಿಯುವುದು ಕಂಡಿತು, ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟು ಇಳಿತ ನಿಲ್ಲಿಸಿತು. ಸರ್ವರ್ ಲೋಕದ ಉದಾಹರಣೆ ಇನ್ನೂ ಗಂಭೀರ. ತನ್ನ ಕೆಲವು ಎಸ್‌ಎಎಸ್ (ಸರ್ವರ್ ಬಗೆಯ ಜೋಡಣೆ) ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಕೂಡಲೇ ಡೇಟಾ ಸಮೇತ ಸತ್ತುಹೋಗುತ್ತವೆ ಎಂದು ಸರ್ವರ್ ಕಂಪನಿ ಎಚ್‌ಪಿಇ 2019ರ ನವೆಂಬರ್‌ನಲ್ಲಿ ಎಚ್ಚರಿಸಿತು. 3 ವರ್ಷ, 270 ದಿನ, 8 ಗಂಟೆ. ಒಂದೇ ದಿನ ಹಾಕಿದ ಡಿಸ್ಕ್‌ಗಳು ಒಂದೇ ದಿನ ಹೋದರೆ ರೇಯ್ಡ್ (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಜೋಡಿಸುವ ವಿಧಾನ) ಇದ್ದೂ ಪ್ರಯೋಜನವಿಲ್ಲ. ಮದ್ದು ಫರ್ಮ್‌ವೇರ್ ಅಪ್‌ಡೇಟ್ ಒಂದೇ ಆಗಿತ್ತು. ಆದ್ದರಿಂದ ಪವರ್ ಆನ್ ಅವರ್ಸ್ ಜೊತೆಗೆ ಫರ್ಮ್‌ವೇರ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಈ ಸಾಧನದ ಕೊರತೆಗಳು ಸಣ್ಣವಲ್ಲ. ಮುಖ್ಯವಾದದ್ದು, ಇದು ಡಿಸ್ಕ್‌ನ ಸ್ವಂತ ಪರೀಕ್ಷೆಯನ್ನು, ಶಾರ್ಟ್ ಅಥವಾ ಎಕ್ಸ್‌ಟೆಂಡೆಡ್ ಸೆಲ್ಫ್ ಟೆಸ್ಟ್ ಅನ್ನು, ಓಡಿಸುವುದಿಲ್ಲ. ಈವರೆಗೆ ಓದಲು ಹೋಗದ ಜಾಗ ಹಾಳಾಗಿದ್ದರೆ ಆ ಸುದ್ದಿ ಸಿ5ಗೆ ಬಂದಿರುವುದಿಲ್ಲ, ನೀಲಿ ಬಣ್ಣವೇ ಇರುತ್ತದೆ. ಡೇಟಾ ಬ್ಯಾಕಪ್ ಆದ ಮೇಲೆ ಜಿಸ್ಮಾರ್ಟ್‌ಕಂಟ್ರೋಲ್‌ನಿಂದ ಅಥವಾ ತಯಾರಕರ ಸೀಟೂಲ್ಸ್‌ನಂಥ ಸಾಧನದಿಂದ ಎಕ್ಸ್‌ಟೆಂಡೆಡ್ ಟೆಸ್ಟ್ ಓಡಿಸಬೇಕು. 1 ಟಿಬಿ ಡಿಸ್ಕ್‌ಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ವಾರಂಟಿಯಲ್ಲಿ ಬದಲಿ ಕೇಳುವಾಗಲೂ ತಯಾರಕರ ಸಾಧನದ ಫಲಿತಾಂಶವೇ ಹೆಚ್ಚು ನಡೆಯುತ್ತದೆ.

ಹಾರ್ಡ್‌ವೇರ್ ರೇಯ್ಡ್ ಕಾರ್ಡ್ ಹಿಂದಿರುವ ಡಿಸ್ಕ್‌ಗಳು ಇದಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ, ಹಾಗಾಗಿ ಸರ್ವರ್‌ನಲ್ಲಿ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿ ರೇಯ್ಡ್ ಕಾರ್ಡ್‌ನ ಸ್ವಂತ ಸಾಧನ, ಇಲ್ಲವೇ ಲಿನಕ್ಸ್‌ನಲ್ಲಿ ಸ್ಮಾರ್ಟ್ ಅಂಕಿ ಓದುವ ಸ್ಮಾರ್ಟ್‌ಸಿಟಿಎಲ್ (smartctl) ಎಂಬ ಸಾಧನ. ಯುಎಸ್‌ಬಿ ಕೇಸ್‌ನಲ್ಲಿರುವ ಡಿಸ್ಕ್ ಬಹಳಷ್ಟು ಸಲ ಕಾಣುತ್ತದೆ, ಆದರೆ ಕೇಸ್‌ನೊಳಗಿನ ಬ್ರಿಡ್ಜ್ ಚಿಪ್ ಸ್ಮಾರ್ಟ್ ಮಾಹಿತಿ ದಾಟಿಸದಿದ್ದರೆ ಇಲ್ಲ. ಆಗ ಅಡ್ವಾನ್ಸ್ಡ್ ಫೀಚರ್‌ನ ಅಡ್ವಾನ್ಸ್ಡ್ ಡಿಸ್ಕ್ ಸರ್ಚ್ ಒಮ್ಮೆ ಪ್ರಯತ್ನಿಸಿ, ಆಗದಿದ್ದರೆ ಡಿಸ್ಕ್ ಬಿಚ್ಚಿ ನೇರ ಸಾಟಾಗೆ ಹಾಕಿ. ರೆಸಿಡೆಂಟ್ ಆಯ್ಕೆ ಹಾಕಿ ಸದಾ ಓಡಲು ಬಿಟ್ಟರೆ ಕೆಟ್ಟ ಸುದ್ದಿ ಬೇಗ ಸಿಗುತ್ತದೆ, ನಿಜ. ಆದರೆ ಮಲಗಿದ ಹೊರಗಿನ ಡಿಸ್ಕ್‌ಗಳನ್ನು ಆಗಾಗ ಎಬ್ಬಿಸುತ್ತದೆ. ಡೆಸ್ಕ್‌ಟಾಪ್‌ಗೆ ಸರಿ, ಲ್ಯಾಪ್‌ಟಾಪ್‌ಗೆ ವಾರಕ್ಕೊಮ್ಮೆ ಕೈಯಾರೆ ತೆರೆಯುವುದೇ ಸಾಕು.

ಇನ್ನೊಂದು ಮಿತಿ ಈ ತಂತ್ರಾಂಶದ್ದಲ್ಲ, ಸ್ಮಾರ್ಟ್ ಎಂಬ ವ್ಯವಸ್ಥೆಯದ್ದೇ. 2007ರಲ್ಲಿ ಗೂಗಲ್‌ನ ಸಂಶೋಧಕರು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಸ್ಕ್ಯಾನ್ ದೋಷ (ಡಿಸ್ಕ್ ತನ್ನನ್ನೇ ಪರೀಕ್ಷಿಸುವಾಗ ಸಿಗುವ ಕೆಟ್ಟ ಜಾಗ) ಮೊದಲ ಬಾರಿ ಕಂಡ ಡಿಸ್ಕ್, ಕಾಣದ ಡಿಸ್ಕ್‌ಗಿಂತ 60 ದಿನದೊಳಗೆ ಸಾಯುವ ಸಂಭವ 39 ಪಟ್ಟು. ಅದೇ ಅಧ್ಯಯನದ ಇನ್ನೊಂದು ಮಾತು: ಸತ್ತ ಡಿಸ್ಕ್‌ಗಳಲ್ಲಿ ಶೇಕಡಾ 36ಕ್ಕೂ ಹೆಚ್ಚಿನವು, ಉಷ್ಣತೆ ಬಿಟ್ಟರೆ, ಯಾವ ಸಾಲಿನಲ್ಲೂ ಒಂದು ಅಂಕಿಯ ಮುನ್ಸೂಚನೆ ಕೊಡದೆ ಹೋದವು. ಎರಡನ್ನೂ ಜೊತೆಗಿಟ್ಟು ಓದಿಕೊಳ್ಳಬೇಕು. ಹಳದಿ ಬಂದರೆ ನಂಬಿ. ನೀಲಿ ಇದೆ ಎಂದು ಬ್ಯಾಕಪ್ ಮುಂದೂಡಬೇಡಿ. ಎಸ್‌ಎಸ್‌ಡಿಗಳ ಕಂಟ್ರೋಲರ್ ಅಂತೂ ನಿನ್ನೆ 98 ಪರ್ಸೆಂಟ್ ತೋರಿಸಿ ಇವತ್ತು ಬಯಾಸ್‌ಗೇ ಕಾಣದೆ ಹೋಗಬಲ್ಲದು.

ಹಳೆಯ ಡಿಸ್ಕ್ ಕೊಳ್ಳುವವರಿಗೆ ಇದು ತೀರಾ ಬೇಕಾದ ಸಾಧನ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವಾಗ ಅಲ್ಲೇ ಹಾಕಿಸಿ, ನಿಮ್ಮ ಪೆನ್‌ಡ್ರೈವ್‌ನ ಪ್ರತಿಯಿಂದಲೇ ತೆರೆದು ನೋಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಫಂಕ್ಷನ್ ಮೆನುವಿನ ಹೆಲ್ತ್ ಸ್ಟೇಟಸ್ ಸೆಟ್ಟಿಂಗ್‌ನಲ್ಲಿ 05, ಸಿ5, ಸಿ6ರ ಗಡಿಯನ್ನು ಯಾರು ಬೇಕಾದರೂ ಮೇಲೆ ಸರಿಸಬಹುದು. ಸರಿಸಿದರೆ ಹಳದಿ ಇದ್ದದ್ದು ನೀಲಿಯಾಗುತ್ತದೆ, ಡಿಸ್ಕ್ ಹಾಗೇ ಇರುತ್ತದೆ. ಬೇರೆಯವರ ಕಂಪ್ಯೂಟರ್‌ನ ಬಣ್ಣ ನಂಬದೆ ಅಂಕಿ ಓದಿ. ಗಂಟೆಗಳನ್ನು ಲೆಕ್ಕ ಹಾಕಿ: ದಿನವಿಡೀ ಓಡಿದ ಡಿಸ್ಕ್‌ಗೆ ವರ್ಷಕ್ಕೆ 8,760. 26,000 ಗಂಟೆ ಓಡಿದ್ದು ಆನ್ ಆದದ್ದು 40 ಸಲ ಮಾತ್ರ ಎಂದಿದ್ದರೆ ಅದು ಮನೆಯ ಕಂಪ್ಯೂಟರ್‌ನಿಂದ ಬಂದದ್ದಲ್ಲ, ಮೂರು ವರ್ಷ ಬಿಡುವಿಲ್ಲದೆ ಸಿಸಿಟಿವಿ ರೆಕಾರ್ಡರ್‌ನಲ್ಲೋ ಸರ್ವರ್‌ನಲ್ಲೋ ದುಡಿದದ್ದು.

ಗಂಟೆ ಸೊನ್ನೆ ಇದ್ದ ಮಾತ್ರಕ್ಕೆ ಹೊಸದು ಎನ್ನುವಂತೆಯೂ ಇಲ್ಲ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಹೊಸದೆಂದು ಮಾರಾಟವಾದ ಸೀಗೇಟ್ ಎಕ್ಸಾಸ್ ಡಿಸ್ಕ್‌ಗಳಲ್ಲಿ ಹಲವು ಸಾವಿರಾರು ಗಂಟೆ ಓಡಿ, ಸ್ಮಾರ್ಟ್ ಲೆಕ್ಕ ಅಳಿಸಿಕೊಂಡು ಬಂದಂಥವು ಎಂದು ಹೊರಬಿತ್ತು. ಅದನ್ನು ಹಿಡಿದುಕೊಟ್ಟದ್ದು ಸೀಗೇಟ್ ಡಿಸ್ಕ್‌ಗಳು ಬೇರೆಯಾಗಿ ಇಟ್ಟುಕೊಳ್ಳುವ ಫಾರ್ಮ್ (FARM) ಎಂಬ ದಾಖಲೆ. ಅದನ್ನು ಓದಲು ಸ್ಮಾರ್ಟ್‌ಸಿಟಿಎಲ್ ಅಡಕವಾಗಿರುವ ಸ್ಮಾರ್ಟ್‌ಮಾನ್‌ಟೂಲ್ಸ್ 7.4 ಅಥವಾ ಅದಕ್ಕಿಂತ ಹೊಸದು ಬೇಕು, ಸ್ಮಾರ್ಟ್‌ಸಿಟಿಎಲ್‌ಗೆ ಎಲ್ ಆಯ್ಕೆಯ ಜೊತೆ ಫಾರ್ಮ್ ಎಂದು ಕೊಟ್ಟರೆ ಅಲ್ಲಿನ ಗಂಟೆಗಳು ಕಾಣುತ್ತವೆ. ಎರಡೂ ಕಡೆಯ ಗಂಟೆಗಳು ತಾಳೆಯಾಗದ ಸೀಗೇಟ್ ಡಿಸ್ಕ್‌ಗೆ ಹಣ ಕೊಡಬೇಡಿ.

ದೂರದಲ್ಲಿರುವ ತಿಳಿದವರಿಗೆ ಈ ಪರದೆ ತೋರಿಸಬೇಕಾದಾಗ ಫೋನಿನಲ್ಲಿ ಫೋಟೋ ಹೊಡೆಯುವುದಕ್ಕಿಂತ ಎಡಿಟ್ ಮೆನುವಿನ ಕಾಪಿ ಒತ್ತಿ, ವಾಟ್ಸಾಪ್‌ಗೋ ಮೇಲ್‌ಗೋ ಅಂಟಿಸಿ. ಎಲ್ಲ ಡಿಸ್ಕ್‌ಗಳ ಪೂರ್ತಿ ವರದಿ ಪಠ್ಯವಾಗಿ ಹೋಗುತ್ತದೆ, ಒಂದು ಸಾಲೂ ಕತ್ತರಿಸಿಹೋಗುವುದಿಲ್ಲ. ಸೀರಿಯಲ್ ನಂಬರ್ ಕೂಡ ಅದರಲ್ಲೇ ಇರುತ್ತದೆ, ಗುಂಪುಗಳಲ್ಲಿ ಹಾಕುವ ಮುಂಚೆ ಅದನ್ನು ಅಳಿಸಿ ಕಳಿಸಿ.